ಶಕುನಿ ಯಾರಿಗೆಲ್ಲ ಮಾವ? (ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ)

ಪ್ರಶ್ನೆ: ಮೇಷ್ಟ್ರೇ, ಈ ಸೆಮಿಸ್ಟರ್ ನಮಗೆ ಎಐ ಪೇಪರ್‌ನಲ್ಲಿ ಪ್ರೋಲಾಗ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಇಟ್ಟಿದ್ದಾರೆ. ಸಿ ಬರತ್ತೆ, ಪೈಥಾನ್ ಬರತ್ತೆ, ಇದು ಮಾತ್ರ ತಲೆಗೇ ಹೋಗ್ತಿಲ್ಲ. ಲೂಪ್ ಇಲ್ಲ, ಇಫ್ ಇಲ್ಲ, ಇದನ್ನ ಪ್ರೋಗ್ರಾಮ್ ಅಂತಾರಾ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಲೂಪ್ ಹುಡುಕೋದನ್ನ ಮೊದ್ಲು ಬಿಡಮ್ಮ. ಪೈಥಾನ್‌ನಲ್ಲಿ ನೀನು ಅಡುಗೆಗೆ ಹೊಸಬನನ್ನ ಇಟ್ಕೊಂಡ ಹಾಗೆ, ಎಣ್ಣೆ ಹಾಕು, ಸಾಸಿವೆ ಸಿಡೀಲಿ, ಈಗ ಕರಿಬೇವು ಅಂತ ಒಂದೊಂದೇ ಹೇಳ್ತಾ ನಿಂತಿರ್ತೀಯ. ಪ್ರೋಲಾಗ್‌ನಲ್ಲಿ ಏನೇನು ನಿಜ ಅಂತ ಬರೆದಿಟ್ಟು ಪ್ರಶ್ನೆ ಕೇಳೋದಷ್ಟೇ ನಿನ್ನ ಕೆಲಸ, ಉತ್ತರ ಹುಡುಕೋದು ಅದರ ಪಾಡು. ಇಂಗ್ಲಿಷ್ ಪುಸ್ತಕಗಳಲ್ಲಿ ಅಂಕಲ್ ಅನ್ನೋ ಒಂದೇ ಪದದಲ್ಲಿ ಈ ಪಾಠ ಮುಗಿಸಿರ್ತಾರೆ, ನಮ್ಮಲ್ಲಿ ದೊಡ್ಡಪ್ಪ ಚಿಕ್ಕಪ್ಪ ಸೋದರಮಾವ ಎಲ್ಲ ಬೇರೆ ಬೇರೆ, ಹಾಗಾಗಿ ರೂಲ್ ಬರೆಯೋ ಮಜಾ ನಮಗೇ ಜಾಸ್ತಿ. ನೋಡು:

ತಾಯಿ(ಗಾಂಧಾರಿ, ದುರ್ಯೋಧನ).
ತಾಯಿ(ಗಾಂಧಾರಿ, ದುಶ್ಶಾಸನ).
ತಾಯಿ(ಸುಭದ್ರೆ, ಅಭಿಮನ್ಯು).
ಸೋದರ(ಶಕುನಿ, ಗಾಂಧಾರಿ).
ಸೋದರ(ಕೃಷ್ಣ, ಸುಭದ್ರೆ).
ಸೋದರಮಾವ(_ಮಾವ, _ಮಗು) :- ತಾಯಿ(_ಅಮ್ಮ, _ಮಗು), ಸೋದರ(_ಮಾವ, _ಅಮ್ಮ).

ಆ ಎರಡು ಚುಕ್ಕಿ-ಗೆರೆಯನ್ನ "ಹೀಗಿದ್ರೆ" ಅಂತ ಓದ್ಕೋ, ಕಾಮಾನ "ಮತ್ತೆ" ಅಂತ. ಮಗುವಿನ ತಾಯಿ ಯಾರೋ, ಅವಳ ಸೋದರ ಯಾರೋ, ಅವನೇ ಸೋದರಮಾವ, ಮುಗೀತು. ಈಗ ಅಭಿಮನ್ಯುವಿನ ಮಾವ ಯಾರು ಅಂತ ಕೇಳಿದ್ರೆ ಕೃಷ್ಣ ಅನ್ನತ್ತೆ, ಶಕುನಿ ಯಾರಿಗೆಲ್ಲ ಮಾವ ಅಂತ ತಿರುಗಿಸಿ ಕೇಳಿದ್ರೆ ದುರ್ಯೋಧನ, ಆಮೇಲೆ ದುಶ್ಶಾಸನ ಅಂತ ಒಬ್ಬೊಬ್ಬರನ್ನೇ ಕೊಡತ್ತೆ. ಅದೇ ರೂಲು, ಒಂದಕ್ಷರ ಬದಲಾಗಿಲ್ಲ. ಪೈಥಾನ್‌ನಲ್ಲಾಗಿದ್ರೆ ಈ ಎರಡಕ್ಕೂ ಬೇರೆ ಬೇರೆ ಫಂಕ್ಷನ್ ಬರೀಬೇಕಿತ್ತು ನೀನು. (ಹೆಸರಿನ ಹಿಂದೆ ಅಂಡರ್‌ಸ್ಕೋರ್ ಯಾಕೆ ಅಂದ್ರೆ, ಪ್ರೋಲಾಗ್‌ನಲ್ಲಿ ದೊಡ್ಡಕ್ಷರದಿಂದ ಇಲ್ಲಾ ಅಂಡರ್‌ಸ್ಕೋರ್‌ನಿಂದ ಶುರುವಾದ್ರೆ ವೇರಿಯಬಲ್, ಅಂದ್ರೆ ಯಾರ ಹೆಸರು ಬೇಕಾದ್ರೂ ಬಂದು ಕೂರೋ ಖಾಲಿ ಜಾಗ, ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರದ ತಂಟೆಯೇ ಇಲ್ಲವಲ್ಲ, ಅದಕ್ಕೆ.)

ಒಂದು ಕಡೆ ಮಾತ್ರ ಹುಷಾರಾಗಿರು. ಶಲ್ಯ ನಕುಲನಿಗೆ ಮಾವನಾ ಅಂತ ಕೇಳಿದ್ರೆ ಸೀದಾ ಇಲ್ಲ ಅಂದ್ಬಿಡತ್ತೆ. ಮಾದ್ರಿ ವಿಷಯ ನೀನು ಹೇಳೇ ಇಲ್ಲ, ಪಾಪ ಅದಕ್ಕೆ ಹೇಗೆ ಗೊತ್ತಾಗ್ಬೇಕು, ಆದ್ರೆ ಅದು "ಗೊತ್ತಿಲ್ಲ" ಅನ್ನಲ್ಲ, "ಇಲ್ಲ" ಅನ್ನತ್ತೆ. ಸಾಬೀತು ಮಾಡೋಕಾಗದೇ ಇದ್ರೆ ಸುಳ್ಳು ಅಂತ ಹಿಡಿಯೋ ಈ ಪದ್ಧತಿಗೆ ತರ್ಕದ ಬುನಾದಿ ಹಾಕಿಕೊಟ್ಟದ್ದು ಕೀತ್ ಕ್ಲಾರ್ಕ್, 1978ರಲ್ಲಿ. ಪಟ್ಟಿಯಲ್ಲಿ ಹೆಸರಿಲ್ಲ ಅಂದ್ರೆ ನೀನು ಊರಲ್ಲೇ ಇಲ್ಲ ಅನ್ನೋ ಕಚೇರಿ ಗುಮಾಸ್ತನ ಥರ.

ಪ್ರಶ್ನೆ: ಹುಲಿ, ಹಸು, ಹುಲ್ಲಿನ ಹೊರೆ ಒಗಟನ್ನ ಪ್ರೋಲಾಗ್‌ನಲ್ಲಿ ಬರೆದೆ. ರೂಲೆಲ್ಲ ಸರಿಯಾಗೇ ಇದೆ, ನಾಲ್ಕು ಸಲ ಚೆಕ್ ಮಾಡಿದೀನಿ, ಆದ್ರೂ ಓಡ್ತಾನೇ ಇರತ್ತೆ, ಕೊನೆಗೆ ಮೆಮೊರಿ ತುಂಬಿ ಎರರ್. ಏನು ತಪ್ಪು?
— ಐಟಿ ಉದ್ಯೋಗಿ, ತುಮಕೂರು

ನಿಮ್ಮ ಕೋಡ್ ನೋಡಿದೆ. ರೂಲ್ ನಿಜವಾಗ್ಲೂ ಸರಿ ಇದೆ, ಅದೇ ಇಲ್ಲಿರೋ ತಮಾಷೆ.

ಒಗಟು ಮರೆತವರಿಗೆ: ರೈತ ಈ ಮೂರನ್ನೂ ಹೊಳೆ ದಾಟಿಸ್ಬೇಕು, ದೋಣಿಯಲ್ಲಿ ಅವನ ಜೊತೆ ಒಂದಕ್ಕೇ ಜಾಗ, ರೈತ ಇಲ್ಲದ ದಡದಲ್ಲಿ ಹುಲಿ ಹಸು ಒಟ್ಟಿಗಿದ್ರೆ ಹಸು ಹೋಯ್ತು, ಹಸು ಹುಲ್ಲು ಒಟ್ಟಿಗಿದ್ರೆ ಹುಲ್ಲು ಹೋಯ್ತು. ನಾಲ್ಕು ಜನ (ಹುಲ್ಲನ್ನೂ ಸೇರಿಸ್ಕೊಂಡು), ಒಬ್ಬೊಬ್ಬರಿಗೂ ಎರಡು ದಡ, ಒಟ್ಟು 16 ಸ್ಥಿತಿ. ಅದರಲ್ಲಿ 6 ಅನಾಹುತದವು, ಉಳಿದ 10ರಲ್ಲೇ ಓಡಾಡಬೇಕು. 7 ಸಲ ದಾಟಿದ್ರೆ ಕೆಲಸ ಮುಗಿಯತ್ತೆ. ಇಷ್ಟು ಸಣ್ಣ ಲೆಕ್ಕಕ್ಕೆ ನಿಮ್ಮ ಲ್ಯಾಪ್‌ಟಾಪ್ ಯಾಕೆ ಉಸಿರು ಬಿಡ್ತು ಅಂದ್ರೆ, ಪ್ರೋಲಾಗ್ ಹುಡುಕೋದು ಆಳಕ್ಕೆ, ಒಂದು ದಾರಿ ಹಿಡಿದ್ರೆ ಅದು ಮುಚ್ಚೋವರೆಗೂ ಅದೇ ದಾರಿ. ಮೊದಲ ಹೆಜ್ಜೆ ಒಂದೇ ಇರೋದು, ಹಸುವನ್ನ ಆಚೆ ದಾಟಿಸೋದು. ಅಲ್ಲಿಂದ ನಿಮ್ಮ ರೂಲಿನ ಸಾಲಲ್ಲಿ ಮೊದಲು ಸಿಕ್ಕಿದ್ದು "ಹಸುವಿನ ಜೊತೆ ದಾಟು". ಸರಿ, ಈಚೆ ತಂತು. ಮತ್ತೆ ಆಚೆ. ಮತ್ತೆ ಈಚೆ. ಯಾವ ನಿಯಮವೂ ಮುರಿದಿಲ್ಲ, ಹುಲಿ ಹಸುವನ್ನ ತಿಂದಿಲ್ಲ, ಹಸು ಹುಲ್ಲು ಮುಟ್ಟಿಲ್ಲ, ರೈತ ಮಾತ್ರ ಹುಟ್ಟು ಹಾಕಿ ಹಾಕಿ ಸುಸ್ತು. "ಒಬ್ಬನೇ ದಾಟು" ಅನ್ನೋ ರೂಲನ್ನ ಮೇಲಕ್ಕೆ ಹಾಕಿದ್ರೂ ಅಷ್ಟೇ, ಆವಾಗ ಖಾಲಿ ದೋಣಿ ಹೋಗಿ ಬರ್ತಾ ಇರತ್ತೆ.

ದಾಟಿ ಬಂದ ಸ್ಥಿತಿಗಳನ್ನೆಲ್ಲ ಒಂದು ಲಿಸ್ಟಲ್ಲಿ ಜೊತೆಗೇ ಹೊತ್ಕೊಂಡು ಹೋಗಿ, ಮುಂದಿನ ಸ್ಥಿತಿ ಅದರಲ್ಲಿ ಇಲ್ಲದೇ ಇದ್ರೆ ಮಾತ್ರ ಮುಂದೆ ಹೋಗು ಅಂತ ಒಂದು ಷರತ್ತು ಸೇರಿಸಿ. ಒಂದೇ ಸಾಲು. ಇಲ್ಲಾಂದ್ರೆ 1 ಹೆಜ್ಜೆಯ ಉತ್ತರ ಇದ್ಯಾ, 2 ಹೆಜ್ಜೆಯದು ಇದ್ಯಾ ಅಂತ ಮಿತಿ ಏರಿಸ್ತಾ ಹೋಗಿ, 7ರಲ್ಲಿ ಸಿಕ್ಕೇ ಸಿಗತ್ತೆ. ರಾಬರ್ಟ್ ಕೊವಾಲ್ಸ್ಕಿ ಅನ್ನೋ ಕಂಪ್ಯೂಟರ್ ವಿಜ್ಞಾನಿ 1979ರಲ್ಲಿ ಅಲ್ಗಾರಿದಮ್ ಅಂದ್ರೆ ಲಾಜಿಕ್ (ಏನು ನಿಜ) ಕೂಡು ಕಂಟ್ರೋಲ್ (ಹೇಗೆ ಹುಡುಕೋದು) ಅಂತ ಸಮೀಕರಣ ಬರೆದರು, ನಿಮ್ಮ ಹತ್ರ ಲಾಜಿಕ್ ಇತ್ತು, ಕಂಟ್ರೋಲ್ ಇರಲಿಲ್ಲ. ಪ್ರೋಲಾಗ್ ಮಾರೋರು ಏನು ಬೇಕೋ ಹೇಳಿ ಸಾಕು ಅಂತಾರೆ, ನನ್ನ ಅನುಭವದಲ್ಲಿ ಅದು ಅರ್ಧ ನಿಜ. ಹೇಗೆ ಹುಡುಕಬೇಕು ಅನ್ನೋ ತಲೆನೋವು ಎಲ್ಲೂ ಹೋಗಿಲ್ಲ, ರೂಲುಗಳ ಹಿಂದೆ ಬಚ್ಚಿಟ್ಕೊಂಡಿದೆ ಅಷ್ಟೇ.

ಪ್ರಶ್ನೆ: ಹೋದ ತಿಂಗಳು ನೀವು ಪ್ರೋಲಾಗ್ ಜಪಾನಿನವರ ಭಾಷೆ ಅಂತ ಬರೆದಿದ್ರಿ. ತಪ್ಪಲ್ವಾ?
— ನಿವೃತ್ತ ಉಪನ್ಯಾಸಕರು, ಧಾರವಾಡ

ತಪ್ಪೇ ಸರ್, ಒಪ್ಕೊಂಡೆ. ಹುಟ್ಟಿದ್ದು ಫ್ರಾನ್ಸಿನ ಮಾರ್ಸೇ ಊರಲ್ಲಿ, 1972ರಲ್ಲಿ, ಅಲೆಂ ಕೊಲ್ಮರೋರ್ ಮತ್ತು ಫಿಲಿಪ್ ರೂಸೆಲ್ ಕೈಯಲ್ಲಿ, ಎಡಿನ್‌ಬರಾದಲ್ಲಿದ್ದ ಕೊವಾಲ್ಸ್ಕಿ ವಿಚಾರಗಳ ಜೊತೆ ಸೇರಿ. ಅವರಿಗೆ ಬೇಕಿದ್ದದ್ದು ಫ್ರೆಂಚ್ ವಾಕ್ಯ ಅರ್ಥ ಮಾಡ್ಕೊಳ್ಳೋ ಪ್ರೋಗ್ರಾಮ್. ಜಪಾನ್ 1982ರಲ್ಲಿ ಐದನೇ ತಲೆಮಾರಿನ ಕಂಪ್ಯೂಟರ್ ಅಂತ ಹತ್ತು ವರ್ಷದ ಸರ್ಕಾರಿ ಪ್ರಾಜೆಕ್ಟ್ ಶುರು ಮಾಡಿ ಪ್ರೋಲಾಗ್ ಥರದ ಲಾಜಿಕ್ ಪ್ರೋಗ್ರಾಮಿಂಗನ್ನೇ ಅದರ ಅಡಿಪಾಯ ಮಾಡ್ಕೊಂಡಿತು, ಅಮೆರಿಕ ಯುರೋಪಿನವರು ಬೆಚ್ಚಿಬಿದ್ದು ತಾವೂ ದುಡ್ಡು ಸುರಿದರು. ಆ ಗಲಾಟೆ ಕಾಲದಲ್ಲೇ ನಾನು ಕಲಿತಿದ್ದು, ಫ್ಲಾಪಿಯಲ್ಲಿ ಬರ್ತಿದ್ದ ಟರ್ಬೋ ಪ್ರೋಲಾಗ್‌ನಲ್ಲಿ, ಹಾಗಾಗಿ ತಲೇಲಿ ಜಪಾನ್ ಅಂತ ಕೂತ್ಬಿಟ್ಟಿದೆ.

ಪ್ರಶ್ನೆ: ಎಐನಲ್ಲಿ "ಪ್ಲಾನಿಂಗ್" ಅಂತ ಒಂದು ರಿಸರ್ಚ್ ಇದೆಯಂತೆ, ಮೊಮ್ಮಗಳು ಅದರಲ್ಲೇ ಪಿಎಚ್‌ಡಿ ಮಾಡ್ತೀನಿ ಅಂತಿದ್ದಾಳೆ. ಪಂಚವಾರ್ಷಿಕ ಯೋಜನೆ ಥರಾನಾ?
— ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ

ಅಷ್ಟು ದೊಡ್ಡದಲ್ಲ ಸರ್. ಗುರಿ ಮುಟ್ಟೋಕೆ ಯಾವ ಕೆಲಸ ಯಾವ ಕ್ರಮದಲ್ಲಿ ಮಾಡ್ಬೇಕು ಅಂತ ಕಂಪ್ಯೂಟರ್ ತಾನೇ ಹುಡುಕೋದು, ಅಷ್ಟೇ, ಡಬ್ಬ ಜೋಡಿಸೋದರಿಂದ ಶುರುವಾಗತ್ತೆ. ಅಡುಗೆಮನೇಲಿ ಮೂರು ಡಬ್ಬ ಇದೆ ಅಂತಿಟ್ಕೊಳ್ಳಿ. ಅಕ್ಕಿ ಡಬ್ಬದ ಮೇಲೆ ಸಕ್ಕರೆ ಡಬ್ಬ, ಬೇಳೆ ಡಬ್ಬ ಪಕ್ಕದಲ್ಲಿ. ನಿಮಗೆ ಬೇಕಿರೋದು ಬೇಳೆ ಮೇಲೆ ಅಕ್ಕಿ, ಸಕ್ಕರೆ ಮೇಲೆ ಬೇಳೆ. ಒಂದು ಸಲಕ್ಕೆ ಒಂದೇ ಡಬ್ಬ ಎತ್ತಬೇಕು. ಮೊದಲು ಒಂದು ಗುರಿ ಮುಗಿಸೋಣ ಅಂತ ಸಕ್ಕರೆ ಇಳಿಸಿ ಅಕ್ಕಿಯನ್ನ ಬೇಳೆ ಮೇಲಿಟ್ರೆ, ಬೇಳೆ ಎತ್ತೋಕೆ ಮತ್ತೆ ಅಕ್ಕಿ ಇಳಿಸ್ಬೇಕು. ಇನ್ನೊಂದರಿಂದ ಶುರು ಮಾಡಿ ಬೇಳೆಯನ್ನ ಸಕ್ಕರೆ ಮೇಲಿಟ್ರೆ, ಅಕ್ಕಿ ಎಲ್ಲದರ ಅಡಿಗೆ ಸಿಕ್ಕಾಕ್ಕೊಂಡಿರತ್ತೆ. ಸಕ್ಕರೆ ಇಳಿಸು, ಅದರ ಮೇಲೆ ಬೇಳೆ, ಅದರ ಮೇಲೆ ಅಕ್ಕಿ, ಮೂರೇ ಹೆಜ್ಜೆ, ಮನೇಲಿ ಯಾರಾದ್ರೂ ಮಾಡ್ತಾರೆ. ಆದ್ರೆ 1970ರ ದಶಕದ ಪ್ರೋಗ್ರಾಮ್‌ಗಳು ಒಂದು ಗುರಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕೋ ಜಾತಿಯವು, ಇದರಲ್ಲಿ ಎಡವಿಬಿದ್ವು, ಎಂಐಟಿಯ ಜೆರಾಲ್ಡ್ ಸಸ್ಮನ್ ಹೆಸರಲ್ಲಿ ಸಸ್ಮನ್ ಅನಾಮಲಿ ಅಂತ ಇವತ್ತಿಗೂ ಕ್ಲಾಸಲ್ಲಿ ಹೇಳ್ತಾರೆ. 1974ರಲ್ಲಿ ಎಡಿನ್‌ಬರಾದ ಡೇವಿಡ್ ವಾರನ್ ಪ್ರೋಲಾಗ್‌ನಲ್ಲೇ ವಾರ್‌ಪ್ಲಾನ್ ಅಂತ ಒಂದು ಪ್ಲಾನರ್ ಬರೆದು ಇದನ್ನ ಬಿಡಿಸಿದರು. ಹಾಸನದ ಹುಡುಗಿ ಪ್ರಶ್ನೆಗೂ ನಿಮ್ಮದಕ್ಕೂ ನಂಟು ಇಲ್ಲೇ.

ಇದಕ್ಕೂ ಮೊದಲು ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಶೇಕಿ ಅಂತ ಒಂದು ರೋಬೋ ಇತ್ತು, 1966ರಿಂದ 1972ರವರೆಗೆ, ಹೆಸರಿಗೆ ತಕ್ಕ ಹಾಗೆ ಓಡಾಡುವಾಗ ಗಡಗಡ ಅಲ್ಲಾಡೋದು. ಅದಕ್ಕೋಸ್ಕರ ರಿಚರ್ಡ್ ಫೈಕ್ಸ್, ನಿಲ್ಸ್ ನಿಲ್ಸನ್ 1971ರಲ್ಲಿ ಸ್ಟ್ರಿಪ್ಸ್ ಅಂತ ಒಂದು ಪದ್ಧತಿ ಕೊಟ್ಟರು. ಪ್ರತಿ ಕೆಲಸಕ್ಕೂ ಮೂರೇ ಮಾತು: ಶುರು ಮಾಡೋಕೆ ಏನಿರಬೇಕು, ಮುಗಿದ ಮೇಲೆ ಹೊಸದಾಗಿ ಏನು ನಿಜವಾಗತ್ತೆ, ಯಾವುದು ಸುಳ್ಳಾಗತ್ತೆ. ಫಿಲ್ಟರ್ ಕಾಫಿ ತಗೊಳ್ಳಿ. ಪುಡಿ, ಬಿಸಿನೀರು ಇರಬೇಕು, ಡಿಕಾಕ್ಷನ್ ಬರತ್ತೆ, ಬಿಸಿನೀರು ಹೋಗತ್ತೆ. ಇದರಲ್ಲೇನು ದೊಡ್ಡಸ್ತಿಕೆ ಅನ್ಸಬಹುದು. ಶುದ್ಧ ತರ್ಕದಲ್ಲಿ ಬರೆದ್ರೆ ಡಿಕಾಕ್ಷನ್ ಇಳಿದ ಮೇಲೂ ಹಾಲು ಒಲೆ ಮೇಲೇ ಇದೆ, ಗೋಡೆ ಬಣ್ಣ ಅದೇ ಇದೆ, ಪಕ್ಕದ ಮನೆ ನಾಯಿ ಅಲ್ಲೇ ಇದೆ ಅಂತ ಬದಲಾಗದೇ ಇದ್ದಿದ್ದನ್ನೆಲ್ಲ ಹೇಳ್ತಾ ಕೂರಬೇಕಿತ್ತು, ಜಾನ್ ಮೆಕಾರ್ಥಿ, ಪ್ಯಾಟ್ರಿಕ್ ಹೇಯ್ಸ್ 1969ರಲ್ಲಿ ಫ್ರೇಮ್ ಪ್ರಾಬ್ಲಮ್ ಅಂತ ಹೆಸರಿಟ್ಟದ್ದು ಇದಕ್ಕೇ. ಹೇಳದೇ ಇದ್ದಿದ್ದು ಇದ್ದ ಹಾಗೇ ಇರತ್ತೆ ಅಂತ ಸ್ಟ್ರಿಪ್ಸ್ ಒಂದೇ ಏಟಿಗೆ ಕೈ ತೊಳ್ಕೊಂಡಿತು.

ಆದ್ರೂ ಹುಡುಕಾಟದ ಕಾಟ ತಪ್ಪಲಿಲ್ಲ. 3 ಡಬ್ಬವನ್ನ 13 ಥರ ಇಡಬಹುದು, 5 ಡಬ್ಬವನ್ನ 501 ಥರ, 10 ಡಬ್ಬ ಅಂದ್ರೆ 5,89,41,091 ಥರ. ಎಲ್ಲ ನೋಡ್ತಾ ಕೂತ್ರೆ ಆಯ್ತು ಕಥೆ. ಇಲ್ಲಿ ನನಗೆ ಭಾರಿ ಇಷ್ಟವಾದ ಒಂದು ಉಪಾಯ ಇದೆ. ಜರ್ಮನಿಯ ಫ್ರೈಬರ್ಗ್‌ನಲ್ಲಿ ಯೋರ್ಗ್ ಹಾಫ್‌ಮನ್, ಬರ್ನ್‌ಹಾರ್ಡ್ ನೇಬಲ್ ಮಾಡಿದ ಎಫ್‌ಎಫ್ ಅನ್ನೋ ಪ್ಲಾನರ್ 2000ದಲ್ಲಿ ನಡೆದ ಪ್ಲಾನರ್‌ಗಳ ಸ್ಪರ್ಧೆಯಲ್ಲಿ ಮಿಂಚಿತು. ಗುರಿ ಇನ್ನೆಷ್ಟು ದೂರ ಅಂತ ಅಂದಾಜು ಮಾಡೋಕೆ ಅದು ಬೇಕಂತಲೇ ಸುಳ್ಳು ಲೆಕ್ಕ ಹಾಕತ್ತೆ, ಯಾವ ಕೆಲಸದಿಂದಲೂ ಏನೂ ಸುಳ್ಳಾಗಲ್ಲ ಅಂತ. ಅಂದ್ರೆ ಡಿಕಾಕ್ಷನ್ ಇಳಿಸಿದ್ರೂ ಬಿಸಿನೀರು ಹಾಗೇ ಇರತ್ತೆ, ದುಡ್ಡು ಖರ್ಚು ಮಾಡಿದ್ರೂ ಜೇಬಲ್ಲೇ ಇರತ್ತೆ! ಅಂಥಾ ಲೋಕದಲ್ಲಿ ಪ್ಲಾನ್ ಮಾಡೋದು ಸಲೀಸು, ಅಲ್ಲಿ ಎಷ್ಟು ಹೆಜ್ಜೆ ಬೇಕಾಯ್ತು ಅಂತ ನೋಡ್ಕೊಂಡು ನಿಜಲೋಕದಲ್ಲಿ ಯಾವ ಕಡೆ ಹೋಗ್ಬೇಕು ಅಂತ ತೀರ್ಮಾನಿಸತ್ತೆ. ಹೆಚ್ಚಿನ ಸಲ ಸರಿಯಾದ ದಿಕ್ಕೇ ಸಿಗತ್ತೆ.

ಬಾಹ್ಯಾಕಾಶಕ್ಕೂ ಹೋಗಿದೆ ಇದು. 1999ರ ಮೇನಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆಯನ್ನ ರಿಮೋಟ್ ಏಜೆಂಟ್ ಅನ್ನೋ ಸಾಫ್ಟ್‌ವೇರ್ ತಾನೇ ಪ್ಲಾನ್ ಮಾಡಿ ನಡೆಸಿತ್ತು. ಮಧ್ಯದಲ್ಲಿ ಒಂದು ಸಲ ಕೈಕೊಟ್ಟಿತ್ತು ಕೂಡ, ಪ್ಲಾನ್ ಜಾರಿ ಮಾಡೋ ಭಾಗದಲ್ಲಿದ್ದ ಒಂದು ಬಗ್ ಭೂಮಿ ಮೇಲಿನ ಟೆಸ್ಟಿಂಗ್‌ನಲ್ಲಿ ಬಾಲ ಬಿಚ್ಚಿರಲೇ ಇಲ್ಲ. ಮೊಮ್ಮಗಳಿಗೆ ಧೈರ್ಯವಾಗಿ ಹೂಂ ಅನ್ನಿ.

ಪ್ರಶ್ನೆ: ಕಂಪ್ಯೂಟರ್‌ಗೆ ಸಂಸ್ಕೃತವೇ ಬೆಸ್ಟ್ ಭಾಷೆ ಅಂತ ನಾಸಾ ಹೇಳಿದೆ ಅಂತ ವಾಟ್ಸಾಪ್‌ನಲ್ಲಿ ಬರತ್ತಲ್ಲ, ನಿಜಾನಾ?
— ಗೃಹಿಣಿ, ಉಡುಪಿ

ನಾಸಾ ಹೇಳಿಲ್ಲ. ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಅನ್ನೋ ಸಂಶೋಧಕರು 1985ರಲ್ಲಿ ಎಐ ಮ್ಯಾಗಝೀನ್ ಅನ್ನೋ ಪತ್ರಿಕೆಗೆ ಒಂದು ಲೇಖನ ಬರೆದರು. ನಮ್ಮ ವೈಯಾಕರಣರು ಒಂದು ವಾಕ್ಯದ ಅರ್ಥವನ್ನ ಬಿಡಿಸಿ, ಯಾರು ಮಾಡಿದ್ದು, ಯಾವುದರಿಂದ, ಯಾರಿಗೆ ಅಂತ ಸಂಬಂಧಗಳಾಗಿ ಬರೆಯೋ ಕ್ರಮಕ್ಕೂ ಎಐನವರು ಅರ್ಥವನ್ನ ಜಾಲದ ಥರ ಬರೆಯೋದಕ್ಕೂ ತುಂಬಾ ಹೋಲಿಕೆ ಇದೆ ಅನ್ನೋದು ಅದರ ಸಾರ. ಒಳ್ಳೇ ಲೇಖನವೇ. 1986ರ ಡಿಸೆಂಬರ್‌ನಲ್ಲಿ ಇದೇ ವಿಷಯದ ಮೇಲೆ ನಮ್ಮ ಬೆಂಗಳೂರಲ್ಲೇ ಸಮ್ಮೇಳನ ನಡೆದು ಪಂಡಿತರು, ಕಂಪ್ಯೂಟರ್‌ನವರು ಒಟ್ಟಿಗೆ ಕೂತಿದ್ದರು. ಆದ್ರೆ ಸಂಸ್ಕೃತದಲ್ಲಿ ಕೋಡ್ ಬರೆದ್ರೆ ಕಂಪ್ಯೂಟರ್ ಜೋರಾಗಿ ಓಡತ್ತೆ ಅನ್ನೋದೆಲ್ಲ ವಾಟ್ಸಾಪ್ ಸೇರಿಸಿದ ಒಗ್ಗರಣೆ.

ಪ್ರಶ್ನೆ: ಚಾಟ್‌ಜಿಪಿಟಿ ಕೇಳಿದ್ರೆ ಟೂರ್ ಪ್ಲಾನ್ ಕೂಡ ಮಾಡ್ಕೊಡತ್ತೆ. ಇನ್ನು ಈ ಹಳೇ ಪ್ಲಾನರ್‌ಗಳು ಯಾಕೆ ಬೇಕು?
— ಡಿಪ್ಲೊಮಾ ವಿದ್ಯಾರ್ಥಿ, ಬಳ್ಳಾರಿ

ನಮ್ಮ ಡಬ್ಬದ ಆಟವನ್ನೇ ಅದಕ್ಕೆ ಕೊಟ್ಟು ನೋಡಿದವರು ಇದ್ದಾರೆ. ಅಮೆರಿಕದ ಅರಿಝೋನಾ ಸ್ಟೇಟ್ ಯೂನಿವರ್ಸಿಟಿಯ ಸುಬ್ಬರಾವ್ ಕಂಭಂಪಾಟಿ, ಐಐಟಿ ಮದ್ರಾಸಿನಲ್ಲಿ ಓದಿದವರು, ಪ್ಲಾನಿಂಗ್‌ನಲ್ಲೇ ಕೂದಲು ಬೆಳ್ಳಗಾದವರು. ಅವರ ತಂಡ 2023ರಲ್ಲಿ ಹೇಳಿದ್ದು, ಚಾಟ್‌ಜಿಪಿಟಿ ಹಿಂದಿದ್ದ ಜಿಪಿಟಿ-4 ಮಾಡೆಲ್ ತಾನಾಗೇ ಮಾಡಿದ ಪ್ಲಾನ್‌ಗಳಲ್ಲಿ ಸರಾಸರಿ ಸುಮಾರು 12 ಪರ್ಸೆಂಟ್ ಮಾತ್ರ ಸರಿ ಇತ್ತು ಅಂತ. ಅದಕ್ಕಿಂತ ಮಜಾ ಏನಂದ್ರೆ, ಎತ್ತು, ಇಡು ಅನ್ನೋ ಪದಗಳನ್ನ ತೆಗೆದು ಸಂಬಂಧವೇ ಇಲ್ಲದ ಪದ ಹಾಕಿದ್ರು, ಆಟ ಅದೇ, ನಿಯಮ ಅದೇ, ಆದ್ರೆ ಅದು ಪೂರ್ತಿ ನೆಲಕಚ್ಚಿತು. ಹಳೇ ಪ್ಲಾನರ್‌ಗೆ ನೀನು ಡಬ್ಬ ಅಂದ್ರೂ ಒಂದೇ ಡುಬ್ಬ ಅಂದ್ರೂ ಒಂದೇ. ಆಮೇಲೆ ಬಂದ, ಯೋಚನೆ ಮಾಡಿ ಉತ್ತರ ಕೊಡೋ ಮಾಡೆಲ್‌ಗಳು ಡಬ್ಬದಾಟದಲ್ಲಿ ಎಷ್ಟೋ ವಾಸಿ, ಅದನ್ನೂ ಹೇಳ್ಬೇಕು, ಆದ್ರೆ ಅಲ್ಲೂ ಹೆಜ್ಜೆ ಜಾಸ್ತಿಯಾದಷ್ಟೂ ತಪ್ಪು ಜಾಸ್ತಿ. ಹಾಗಾಗಿ ಈಗ ಆ ತಂಡದವರು ಹೇಳೋದು, ಪ್ಲಾನ್‌ನ ಚಾಟ್‌ಬಾಟ್ ಕೊಡಲಿ, ತರ್ಕದ ಮೇಲೆ ನಿಂತಿರೋ ಒಂದು ಪರೀಕ್ಷಕ ಪ್ರೋಗ್ರಾಮ್ ಹೆಜ್ಜೆ ಹೆಜ್ಜೆಗೂ ಚೆಕ್ ಮಾಡಿ ತಪ್ಪಿದ್ರೆ ವಾಪಸ್ ಕಳಿಸಲಿ, ಮತ್ತೆ ಬರ್ಕೊಂಡು ಬರಲಿ ಅಂತ. ನಿನ್ನ ಟೂರ್‌ಗೂ ಅಷ್ಟೇ ಕಣಪ್ಪ, ಅದು ಹೇಳಿದ ರೈಲು ಆ ದಿನ ಓಡತ್ತಾ ಅಂತ ನೋಡ್ಕೊಂಡು ಮನೆ ಬಿಡು.

ಪ್ರಶ್ನೆ: ಇದನ್ನೆಲ್ಲ ಮೊಬೈಲಲ್ಲೇ ಮಾಡಿ ನೋಡ್ಬಹುದಾ? ಲ್ಯಾಪ್‌ಟಾಪ್ ಇಲ್ಲ.
— ಪಿಯುಸಿ ವಿದ್ಯಾರ್ಥಿ, ಚಿಂತಾಮಣಿ

ಮಾಡ್ಬಹುದು. ಆಮ್‌ಸ್ಟರ್‌ಡ್ಯಾಮ್‌ನ ಯಾನ್ ವೀಲೆಮೇಕರ್ 1987ರಲ್ಲಿ ಶುರು ಮಾಡಿದ ಎಸ್‌ಡಬ್ಲ್ಯೂಐ-ಪ್ರೋಲಾಗ್ ಈಗಲೂ ಫ್ರೀ, ಅದರ ಸ್ವಿಶ್ ಅನ್ನೋದು ಬ್ರೌಸರ್‌ನಲ್ಲೇ ಓಡತ್ತೆ, ಇನ್‌ಸ್ಟಾಲ್ ಬೇಕಿಲ್ಲ, ಕನ್ನಡ ಹೆಸರುಗಳನ್ನೂ ತಗೊಳತ್ತೆ. ಮೇಲಿನ ಶಕುನಿ ಪ್ರೋಗ್ರಾಮನ್ನೇ ಟೈಪ್ ಮಾಡು, ಮಾದ್ರಿ, ಶಲ್ಯ, ನಕುಲ ಸಹದೇವರನ್ನ ನೀನೇ ಸೇರಿಸು. ಎರರ್ ಬಂದ್ರೆ ನನಗೆ ಪತ್ರ ಬರೆಯೋ ಮೊದಲು ಸಾಲಿನ ಕೊನೇಲಿ ಚುಕ್ಕಿ ಇದೆಯಾ ನೋಡು, ಹತ್ತಕ್ಕೆ ಒಂಬತ್ತು ಸಲ ಅದೇ.