1939ರ ‘ದಿ ವಿಝರ್ಡ್ ಆಫ್ ಆಝ್’ ಸಿನಿಮಾವನ್ನು ಜನ ಇವತ್ತಿಗೂ ಯಾಕೆ ನೋಡುತ್ತಾರೆ?

ನನ್ನ ಪ್ರಕಾರ ಅರ್ಧ ಉತ್ತರ ಒಂದು ಬಾಗಿಲಲ್ಲೇ ಇದೆ. ಸುಂಟರಗಾಳಿ ಡೊರೊಥಿ ಅನ್ನುವ ಹುಡುಗಿಯ ಮನೆಯನ್ನೇ ಎತ್ತಿಕೊಂಡು ಹೋಗಿ ಬೇರೆ ಲೋಕದಲ್ಲಿ ಇಳಿಸುತ್ತದೆ. ಅಲ್ಲಿಯವರೆಗೆ ಎಲ್ಲ ಮಾಸಲು ಕಂದು. ಬಾಗಿಲು ತೆಗೆದರೆ ಆಚೆ ಕಣ್ಣು ಕುಕ್ಕುವ ಬಣ್ಣ! ಮನೆಯ ಒಳಗೆಲ್ಲ ಕಂದು ಬಣ್ಣ ಬಳಿದು, ಕಂದು ಬಟ್ಟೆ ತೊಟ್ಟ ಡೂಪ್ ಕೈಲಿ ಬಾಗಿಲು ತೆಗೆಸಿದ್ದರು. ಅವಳು ಪಕ್ಕಕ್ಕೆ ಸರಿದ ಮೇಲೆ ಡೊರೊಥಿಯ ಪಾತ್ರ ಮಾಡಿದ ಜೂಡಿ ಗಾರ್ಲೆಂಡ್ ನೀಲಿ ಫ್ರಾಕಿನಲ್ಲಿ ಹೊರಗೆ ಬರುತ್ತಾಳೆ. ಕಂಪ್ಯೂಟರ್ ಇಲ್ಲದ ಕಾಲದ ಕೈಚಳಕ. ಗುಟ್ಟು ಗೊತ್ತಿದ್ದರೂ ಮೈ ಜುಮ್ಮೆನ್ನುತ್ತದೆ.

ಕಥೆಯೂ ಜಾಸ್ತಿ ತಲೆ ತಿನ್ನುವುದಿಲ್ಲ. ಹುಡುಗಿಗೆ ಮನೆ ಸೇರಬೇಕು. ಜೊತೆಗಾರರಲ್ಲಿ ಬೆದರುಬೊಂಬೆಗೆ ಬುದ್ಧಿ ಬೇಕು, ತಗಡಿನ ಮನುಷ್ಯನಿಗೆ ಹೃದಯ, ಸಿಂಹಕ್ಕೆ ಧೈರ್ಯ. ತಮಾಷೆ ಅಂದ್ರೆ, ಕಷ್ಟ ಬಂದಾಗ ಉಪಾಯ ಹೂಡುವವನು ಆ ಬೆದರುಬೊಂಬೆಯೇ!

ಇನ್ನೊಂದು ಕಾರಣ ಟಿವಿ. ಮೊದಲ ಸಲ ಥಿಯೇಟರಿಗೆ ಬಂದಾಗ ಹಾಕಿದ ದುಡ್ಡೂ ಪೂರ್ತಿ ಬಂದಿರಲಿಲ್ಲ. 1956ರಲ್ಲಿ ಅಮೆರಿಕದ ಟಿವಿಗೆ ಬಂತು. 1959ರಿಂದ ಹೆಚ್ಚುಕಮ್ಮಿ ವರ್ಷಕ್ಕೊಮ್ಮೆ ಹಾಕತೊಡಗಿದರು. ಹಬ್ಬದ ಹಾಗೆ ಇಡೀ ಮನೆ ಕೂತು ನೋಡುವ ರೂಢಿಯಾಯಿತು. ಆದರೆ ಆಗ ಬಹುಪಾಲು ಮನೆಗಳಲ್ಲಿ ಇದ್ದದ್ದು ಕಪ್ಪು-ಬಿಳುಪು ಟಿವಿ. ಆ ಬಾಗಿಲಿನ ಮ್ಯಾಜಿಕ್ ಅವರಿಗೆ ಕಾಣಲೇ ಇಲ್ಲ, ಪಾಪ.