ಸಕ್ಕರೆ ಕಾಯಿಲೆ ಇರುವವರಿಗೆ ಸದಾ ಸುಸ್ತು ಏಕೆ?

ತೀರ್ಥಹಳ್ಳಿ ಕಡೆ ಅಡಿಕೆ ತೋಟ ನೋಡಿಕೊಳ್ಳುವ ನಿಮ್ಮ ತಂದೆಯವರಿಗೆ ಹೊಟ್ಟೆ ತುಂಬ ಉಂಡರೂ ಸುಸ್ತಾಗುವುದೇಕೆ ಎಂದು ಕೇಳಿದ್ದೀರಿ. ರಕ್ತದ ಸಕ್ಕರೆಯನ್ನು ಜೀವಕೋಶಗಳೊಳಗೆ ಸೇರಿಸುವ ಹಾರ್ಮೋನಾದ ಇನ್ಸುಲಿನ್ ಸಾಲದಿದ್ದಾಗ, ಅಥವಾ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದಿದ್ದಾಗ, ಅನ್ನ, ಕಡುಬುಗಳಿಂದ ಬಂದ ಗ್ಲೂಕೋಸ್ (ಸಕ್ಕರೆ) ರಕ್ತದಲ್ಲೇ ಉಳಿದು ಸ್ನಾಯುಗಳಿಗೆ ಸಾಕಷ್ಟು ತಲುಪುವುದಿಲ್ಲ. ಕಣಜ ತುಂಬಿದ್ದರೂ ಒಲೆಯ ಮೇಲೆ ಅನ್ನವಿಲ್ಲದ ಸ್ಥಿತಿ ಇದು. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಅದು ಮೂತ್ರಕ್ಕೆ ಸೋರತೊಡಗಿ, ಜೊತೆಗೆ ನೀರನ್ನೂ ಎಳೆದೊಯ್ಯುವುದರಿಂದ ದೇಹದಲ್ಲಿ ನೀರಿನಂಶ ತಗ್ಗುತ್ತದೆ. ರಾತ್ರಿ ಪದೇ ಪದೇ ಏಳಬೇಕಾಗಿ ನಿದ್ರೆಯೂ ಕೆಡುತ್ತದೆ.

ಆದರೆ ತೋಟದ ಕೆಲಸ ಮಾಡುವವರಲ್ಲಿ ಇದಕ್ಕೆ ವಿರುದ್ಧವಾದದ್ದನ್ನೂ ಅನುಮಾನಿಸಬೇಕು: ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗಿ, ತಿಂಡಿ ತಡಮಾಡಿ, ಅಡಿಕೆ ಗೊನೆ ಕೊಯ್ಲಿಗೆ ಹೊರಟರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಕೈನಡುಕ, ಬೆವರು, ನಿತ್ರಾಣ ಕಾಣಿಸಿಕೊಳ್ಳಬಹುದು. ಎಚ್ಚರವಿದ್ದರೆ ಆಗ ಮೂರು ಚಮಚ ಸಕ್ಕರೆ ಕದಡಿದ ನೀರನ್ನು ಕುಡಿಸಿ.

ಸಕ್ಕರೆ ಕಾಯಿಲೆಯ ಇನ್ನೊಂದು ಮಾತ್ರೆಯಾದ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ಜೀವಸತ್ವ ಕಡಿಮೆಯಾಗಿ ಅದರಿಂದಲೂ ಸುಸ್ತಾಗುವುದುಂಟು. ಸುಸ್ತಾದ ಹೊತ್ತಿನಲ್ಲೇ ಗ್ಲುಕೋಮೀಟರಿನಲ್ಲಿ (ಮನೆಯಲ್ಲೇ ಸಕ್ಕರೆ ಅಳೆಯುವ ಉಪಕರಣ) ನೋಡಿ ಬರೆದಿಟ್ಟುಕೊಂಡು, ಶಿವಮೊಗ್ಗದಲ್ಲಿ ವೈದ್ಯರನ್ನು ಕಾಣುವಾಗ ಬಿ12, ಹಿಮೋಗ್ಲೋಬಿನ್, ಥೈರಾಯ್ಡ್, ಕ್ರಿಯೇಟಿನಿನ್ (ಮೂತ್ರಪಿಂಡದ ಪರೀಕ್ಷೆ) ಪರೀಕ್ಷೆಗಳ ಬಗ್ಗೆಯೂ ಕೇಳಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.