ಬೆಲೆ ಎಲ್ಲಿಂದ ಬಿತ್ತು?

ಪ್ರಶ್ನೆ: ‘ಮಳೆ ಕೈಕೊಟ್ಟಿತು, ಮೆಕ್ಕೆಜೋಳದ ಬೆಲೆ ಬಿತ್ತು’ ಅನ್ನುತ್ತೇವೆ. ಬೆಲೆ ಬೀಳುವ ವಸ್ತುವೇ ಅಲ್ಲ. ಇದೂ ರೂಪಕವೇ? ಭಾಷಾವಿಜ್ಞಾನಿಗಳು ಅದನ್ನು ಗುರುತಿಸುವುದು ಹೇಗೆ?
– ಓದುಗರು, ದಾವಣಗೆರೆ

ಉತ್ತರ: ಹೌದು, ರೂಪಕವೇ. ‘ಮುಖಕಮಲ’ದಂಥ ಅಲಂಕಾರ ಮಾತ್ರ ರೂಪಕ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ದಿನಬಳಕೆಯ ಮಾತೇ ರೂಪಕಗಳಿಂದ ತುಂಬಿದೆ ಎಂದು 1980ರಲ್ಲಿ ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಮತ್ತು ತತ್ವಶಾಸ್ತ್ರಜ್ಞ ಮಾರ್ಕ್ ಜಾನ್ಸನ್ ತೋರಿಸಿದರು.

ಗುರುತಿಸುವ ಒಂದು ಕ್ರಮವನ್ನು 2007ರಲ್ಲಿ ‘ಪ್ರಾಗಲ್‌ಜಾಜ್’ ಎಂಬ ಹತ್ತು ಸಂಶೋಧಕರ ಗುಂಪು ಪ್ರಕಟಿಸಿತು. ಮೊದಲು ಬರಹವನ್ನು ಪೂರ್ತಿ ಓದಿ, ಪದಪದವಾಗಿ ಬಿಡಿಸಬೇಕು. ಪ್ರತಿ ಪದಕ್ಕೆ ಇಲ್ಲಿರುವ ಅರ್ಥವೇನು, ಬೇರೆಡೆ ಅದಕ್ಕೆ ಇಂದಿಗೂ ಇರುವ ಹೆಚ್ಚು ಮೂರ್ತವಾದ ಅರ್ಥ, ಅಂದರೆ ಮೂಲಾರ್ಥ, ಏನು ಎಂದು ಬರೆದುಕೊಳ್ಳಬೇಕು. ‘ಬಿತ್ತು’ ಇಲ್ಲಿ ‘ಕಡಿಮೆಯಾಯಿತು’. ಮೂರ್ತವಾಗಿ ‘ಮೇಲಿನಿಂದ ಕೆಳಕ್ಕೆ ಬಂತು’. ಎರಡೂ ಬೇರೆ, ಆದರೆ ಎರಡನೆಯದರ ಹೋಲಿಕೆಯಿಂದ ಮೊದಲನೆಯದು ತಿಳಿಯುತ್ತದೆ. ಹಾಗಾಗಿ ರೂಪಕ.

ಕನ್ನಡದಲ್ಲಿ ಎಡವುವುದು ಪದ ಬಿಡಿಸುವಾಗಲೇ. ‘ಕೈಕೊಡು’ ಒಂದು ಪದವೋ, ಎರಡೋ? ‘ಕೈ’, ‘ಕೊಡು’ ಎಂದು ಒಡೆದರೆ ದೇಹದ ಕೈಯನ್ನೇ ಮೂಲಾರ್ಥವಾಗಿ ಹಿಡಿಯಬೇಕಾಗುತ್ತದೆ. ಒಂದೇ ಪದವೆಂದರೆ ಮೂಲಾರ್ಥ ‘ನಂಬಿದವರಿಗೆ ಮನುಷ್ಯ ಮಾಡುವ ಮೋಸ’. ಆಗ ಮಳೆಯೇ ಮನುಷ್ಯನಾಗುತ್ತದೆ. ನಿಘಂಟಿನಲ್ಲಿ ಪ್ರತ್ಯೇಕ ನಮೂದಾಗಿದ್ದರೆ ಒಂದೇ ಪದ ಎಂಬ ನಿಯಮವನ್ನು ಮೊದಲೇ ಮಾಡಿಕೊಂಡು ಕೊನೆಯವರೆಗೂ ಪಾಲಿಸುವುದು ಒಳ್ಳೆಯದು. ಕನಿಷ್ಠ ಇಬ್ಬರು ಬೇರೆಬೇರೆಯಾಗಿ ಗುರುತು ಹಾಕಿ, ಆಮೇಲೆ ತಾಳೆ ನೋಡಬೇಕು. ಒಬ್ಬರ ಕಿವಿಯನ್ನೇ ನಂಬಿದರೆ ರೂಢಿಯ ಮಾತುಗಳು ಕಣ್ತಪ್ಪುತ್ತವೆ.

ಒಂದು ‘ಬಿತ್ತು’ ಸಿಕ್ಕಿತೆಂದು ‘ಕಡಿಮೆ ಎಂದರೆ ಕೆಳಗೆ’ ಎಂಬ ಸೂತ್ರ ಕಟ್ಟಲಾಗದು. ‘ಏರಿತು’, ‘ಇಳಿಯಿತು’, ‘ಗಗನಕ್ಕೇರಿತು’, ‘ನೆಲಕಚ್ಚಿತು’ ಎಲ್ಲವೂ ಹೆಚ್ಚಿಗೆ ಮೇಲೆ, ಕಡಿಮೆಗೆ ಕೆಳಗೆ ಎಂಬ ಒಂದೇ ಹೊಂದಿಕೆಯನ್ನು ತೋರಿದಾಗ ಅದಕ್ಕೆ ಬಲ ಬರುತ್ತದೆ. ಇದಕ್ಕೆ ಕಾರಣ ಕಣದಲ್ಲೇ ಕಾಣುತ್ತದೆ: ಕಾಳು ಸುರಿದಷ್ಟೂ ರಾಶಿ ಎತ್ತರವಾಗುತ್ತದೆ, ಚೀಲಕ್ಕೆ ತುಂಬಿದಷ್ಟೂ ತಗ್ಗುತ್ತದೆ. ಪ್ರಮಾಣವನ್ನೂ ಎತ್ತರವನ್ನೂ ಎಳವೆಯಿಂದ ಒಟ್ಟಿಗೇ ಕಾಣುವುದರಿಂದ ಒಂದರ ಮಾತು ಇನ್ನೊಂದಕ್ಕೆ ಹೊಂದುತ್ತದೆ ಎಂಬುದು ಲೇಕಾಫ್ ಮತ್ತು ಜಾನ್ಸನ್ ಕೊಟ್ಟ ವಿವರಣೆ. ನನಗೂ ಅದು ಒಪ್ಪಿಗೆ.

ಪ್ರಶ್ನೆ: ‘ಇಡೀ ದುರ್ಗ ಬೀದಿಗಿಳಿಯಿತು’ ಎಂಬಲ್ಲಿ ‘ದುರ್ಗ’ ರೂಪಕವೇ?
– ಓದುಗರು, ಚಿತ್ರದುರ್ಗ

ಉತ್ತರ: ಅಲ್ಲ. ‘ಅಂತೆ’ ಸೇರಿಸಿ ನೋಡಿ: ಜನ ದುರ್ಗದಂತೆ ಇದ್ದಾರೆ ಎಂಬುದು ಇಲ್ಲಿನ ಅರ್ಥವಲ್ಲ, ದುರ್ಗದಲ್ಲಿ ಇದ್ದಾರೆ ಅಷ್ಟೆ. ಊರಿನ ಹೆಸರು ಊರವರಿಗೆ ಸಂದಿದೆ. ‘ಗಂಗೆಯಲ್ಲಿ ಗೊಲ್ಲರಹಳ್ಳಿ’ ಎಂದರೆ ಗಂಗೆಯ ದಡದಲ್ಲಿ ಎಂದು ತಿಳಿಯುವಂತೆ, ಇದು ಸಂಬಂಧದಿಂದ ಹುಟ್ಟಿದ ಲಕ್ಷಣೆ, ಅಂದರೆ ಪದದ ನೇರ ಅರ್ಥ ಬಿಟ್ಟು ಅದಕ್ಕೆ ಹೊಂದಿಕೊಂಡ ಅರ್ಥವನ್ನು ಹಿಡಿಯುವುದು.